ಮಾಡೆಲ್ ಡಿಪ್ಲೊಮಸಿ: ಹದಿನೈದು ಕುರ್ಚಿ, ಅರವತ್ತು ವಿದ್ಯಾರ್ಥಿಗಳು

ಧಾರವಾಡದ ಪದವಿ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಕಲಿಸುವ ನಾನು ಈ ಸೆಮಿಸ್ಟರಿನಲ್ಲಿ ಅಂತರರಾಷ್ಟ್ರೀಯ ರಾಜಕಾರಣದ ಪತ್ರಿಕೆಗಾಗಿ ‘ಮಾಡೆಲ್ ಡಿಪ್ಲೊಮಸಿ’ ಎಂಬ ಆನ್‌ಲೈನ್ ಸಿಮ್ಯುಲೇಶನ್ (ಅಣಕು ಕಲಾಪ) ಬಳಸಿದೆ. ಅಮೆರಿಕದಲ್ಲಿ ವಿದೇಶಾಂಗ ನೀತಿಯ ಅಧ್ಯಯನ ನಡೆಸುವ ಕೌನ್ಸಿಲ್ ಆನ್ ಫಾರಿನ್ ರಿಲೇಶನ್ಸ್ ಸಂಸ್ಥೆ ಉಚಿತವಾಗಿ ಒದಗಿಸುವ ಇದರಲ್ಲಿ ವಿದ್ಯಾರ್ಥಿಗಳು ಒಂದು ಬಿಕ್ಕಟ್ಟಿನ ಹಿನ್ನೆಲೆಯನ್ನು ಓದಿ, ತಮಗೆ ಬಂದ ಪಾತ್ರದ ನಿಲುವನ್ನು ಟಿಪ್ಪಣಿಯಾಗಿ ಬರೆದು, ಬಳಿಕ ಎದುರುಬದುರು ಕುಳಿತು ವಾದಿಸಬೇಕು. ಅಂಕ ಗಳಿಸುವ ಆಟವಲ್ಲ ಇದು. ಓದು ಪರದೆಯ ಮೇಲೆ, ಜಗಳ ತರಗತಿಯಲ್ಲಿ.

ಅದರಲ್ಲಿದ್ದ, ಅಮೆರಿಕದ ಅಧ್ಯಕ್ಷರಿಗೆ ಸಲಹೆ ಕೊಡುವ ರಾಷ್ಟ್ರೀಯ ಭದ್ರತಾ ಮಂಡಳಿಯ ಪ್ರಕರಣಗಳನ್ನು ನಾನು ಬದಿಗಿಟ್ಟೆ. ಕಲಘಟಗಿಯಿಂದ ಬಸ್ಸಿಗೆ ಬರುವ ಹುಡುಗಿಗೆ ವಾಷಿಂಗ್ಟನ್ನಿನ ಕಷ್ಟಕ್ಕಿಂತ ಮೊದಲು ದೆಹಲಿಯ ಕಷ್ಟ ತಿಳಿಯಲಿ ಎಂಬುದು ನನ್ನ ಹಟ. ಅದೇ ಮಾದರಿಯನ್ನು ಇಟ್ಟುಕೊಂಡು, ಉಕ್ರೇನ್ ಕುರಿತು 2022ರ ಫೆಬ್ರುವರಿ 25ರಂದು ವಿಶ್ವಸಂಸ್ಥೆಯ ಹದಿನೈದು ಸದಸ್ಯರ ಭದ್ರತಾ ಮಂಡಳಿಯಲ್ಲಿ ನಡೆದ ಮತದಾನವನ್ನು ನಾವೇ ಕಟ್ಟಿಕೊಂಡೆವು. ಅಂದು ರಷ್ಯಾದ ದಾಳಿಯನ್ನು ಖಂಡಿಸುವ ನಿರ್ಣಯದ ಪರ 11 ರಾಷ್ಟ್ರಗಳು ನಿಂತವು. ಭಾರತ, ಚೀನಾ, ಯುಎಇ ಮತದಾನದಿಂದ ದೂರ ಉಳಿದವು. ರಷ್ಯಾದ ಒಂದೇ ವಿಟೋದಿಂದ, ಅಂದರೆ ಕಾಯಂ ಸದಸ್ಯ ರಾಷ್ಟ್ರವೊಂದು ಒಂಟಿಯಾಗಿಯೇ ನಿರ್ಣಯವನ್ನು ತಡೆಯಬಲ್ಲ ಅಧಿಕಾರದಿಂದ, ಅದು ಬಿದ್ದುಹೋಯಿತು. ನಮ್ಮಲ್ಲೂ ಹಾಗೆಯೇ ಆದಾಗ, “ಹನ್ನೊಂದು ಮಂದಿ ಹೂಂ ಅಂದ್ರೂ ಆಗಂಗಿಲ್ಲೇನ್ರಿ ಸರ?” ಎಂದು ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು. ವಿಟೋ ಕುರಿತು ಇಡೀ ಒಂದು ತಾಸು ಪಾಠ ಮಾಡಿದ ದಿನ ಯಾರೂ ಹಾಗೆ ಕೇಳಿರಲಿಲ್ಲ.

ಭಾರತದ ಪಾತ್ರ ರಾಣೆಬೆನ್ನೂರು ಕಡೆಯ ಹುಡುಗನಿಗೆ ಬಂದಿತ್ತು. ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಉಕ್ರೇನಿನ ಖಾರ್ಕಿವ್‌ನಲ್ಲಿ ದಾಳಿಗೆ ಬಲಿಯಾದದ್ದು ಅವನಿಗೆ ಓದಿ ತಿಳಿದ ಸುದ್ದಿಯಲ್ಲ, ಮನೆಯಲ್ಲಿ ಕೇಳಿದ ಮಾತು. ಪರವೂ ಇಲ್ಲ, ವಿರೋಧವೂ ಇಲ್ಲ ಎಂಬ ನಿಲುವನ್ನು ಅವನು ಸಮರ್ಥಿಸಲು ತಡವರಿಸಿದ್ದೇ ಅಂದಿನ ನಿಜವಾದ ಪಾಠವಾಯಿತು. ಶಸ್ತ್ರಾಸ್ತ್ರಕ್ಕೆ ರಷ್ಯಾವನ್ನು ನೆಚ್ಚಿಕೊಂಡದ್ದು, ಉಕ್ರೇನಿನಲ್ಲಿ ಸಿಲುಕಿದ್ದ ನಮ್ಮ ಮಕ್ಕಳನ್ನು ಕರೆತರಬೇಕಾದದ್ದು, ಎರಡೂ ಅವನ ಟಿಪ್ಪಣಿಯಲ್ಲಿದ್ದವು.

ತೊಡಕು ಭಾಷೆಯದು. ಸಾಮಗ್ರಿಯೆಲ್ಲ ಇಂಗ್ಲಿಷಿನಲ್ಲಿದ್ದು, ಕನ್ನಡ ಮಾಧ್ಯಮದಿಂದ ಬಂದವರಿಗೆ ಮೊದಲ ಪುಟವೇ ದಿಬ್ಬವಾಗುತ್ತದೆ. ಎರಡು ಪುಟದ ಕನ್ನಡ ಸಾರಾಂಶ ಬರೆದು ಹಂಚಿದೆ, ಟಿಪ್ಪಣಿಯನ್ನೂ ಕನ್ನಡದಲ್ಲೇ ಬರೆಯಲು ಹೇಳಿದೆ. ಆಮೇಲೆ ವಾದಕ್ಕೆ ಕಸುವು ಬಂತು. ಅರವತ್ತು ಮಂದಿಯನ್ನು ಹದಿನೈದು ಕುರ್ಚಿಗೆ ಹೊಂದಿಸಲು ರಾಷ್ಟ್ರಕ್ಕೆ ನಾಲ್ವರ ನಿಯೋಗ ಮಾಡಬೇಕಾಯಿತು, ಮಾತನಾಡುವವನೊಬ್ಬ, ಚೀಟಿ ಬರೆದು ಕೊಡುವವರು ಮೂವರು. ಬಳಸಬಯಸುವ ಉಪನ್ಯಾಸಕರು ಒಂದು ತಾಸಿನ ಪಿರಿಯಡ್ಡನ್ನು ನಂಬದೆ, ಶನಿವಾರದ ಇಡೀ ಬೆಳಗನ್ನು ಪ್ರಾಚಾರ್ಯರಿಂದ ಮೊದಲೇ ಕೇಳಿ ಪಡೆಯುವುದು ಒಳಿತು.