ಪಿಂಗಾಣಿ ಬೋರ್ಡಿನ ತುಕ್ಕಿಗೆ ಹುಣಸೆಯೋ, ನಿಂಬೆ ಉಪ್ಪೋ, ಟಾಯ್ಲೆಟ್ ಆಸಿಡ್ಡೋ?

ತಿಪಟೂರಿನ ಮನೆಯ ಅಟ್ಟ ಖಾಲಿ ಮಾಡುವಾಗ ಹಳೇ ಕೊಬ್ಬರಿ ಚೀಲಗಳ ಹಿಂದೆ ತಾತನ ಅಂಗಡಿಯ ಟೀ ಬೋರ್ಡ್ ಸಿಕ್ಕಿತು. ಕೆಂಪು ನೆಲದ ಮೇಲೆ ಬಿಳಿ ಅಕ್ಷರ. ನಾಲ್ಕು ಮೂಲೆಯ ಮೊಳೆ ತೂತುಗಳ ಸುತ್ತ ತುಕ್ಕು. ಆ ತುಕ್ಕಿನ ನೀರು ಮಳೆಗಾಲದಲ್ಲಿ ಇಳಿದೂ ಇಳಿದೂ ಅಕ್ಷರಗಳ ಮೇಲೆ ಬೆಲ್ಲದ ಬಣ್ಣದ ಗೆರೆ ಬಿದ್ದಿತ್ತು. ನಡುವೆ ಒಂದು ಕಡೆ ಎಂಟಾಣೆ ಅಗಲದ ಚಕ್ಕೆ ಎದ್ದಿತ್ತು. ಯಾರೋ ಕಲ್ಲು ಹೊಡೆದ ಗುರುತು. ಅಪ್ಪನನ್ನು ಕೇಳಿದರೆ "ನಾನಲ್ಲಪ್ಪ, ನಿಮ್ಮ ಚಿಕ್ಕಪ್ಪ" ಅಂದರು. ಚಿಕ್ಕಪ್ಪನನ್ನು ಕೇಳಿದರೆ ಅಪ್ಪನ ಹೆಸರು ಹೇಳಿದರು.

ನಮ್ಮ ಕಡೆ ಇದನ್ನು ಪಿಂಗಾಣಿ ಬೋರ್ಡ್ ಅಂತಾರೆ. ಆದರೆ ಇದು ಕಪ್-ಸಾಸರಿನ ಪಿಂಗಾಣಿ ಅಲ್ಲ. ಕಬ್ಬಿಣದ ತಗಡಿನ ಮೇಲೆ ಗಾಜಿನ ಪುಡಿ ಹಚ್ಚಿ, ಸುಮಾರು 800 ಡಿಗ್ರಿ ಶಾಖದಲ್ಲಿ ಕರಗಿಸಿ ಅಂಟಿಸಿದ ಎನಾಮಲ್. ಒಂದೊಂದು ಬಣ್ಣಕ್ಕೂ ಒಂದೊಂದು ಸಲ ಕುಲುಮೆ. ಅದಕ್ಕೇ ಹಳೇ ಬೋರ್ಡಿನ ಅಕ್ಷರದ ಅಂಚಿಗೆ ಉಗುರು ಆಡಿಸಿದರೆ ಸಣ್ಣ ಮೆಟ್ಟಿಲು ತಗುಲುತ್ತದೆ. ಗಾಜಿಗೆ ತುಕ್ಕು ಹಿಡಿಯುವುದಿಲ್ಲ. ಹಿಡಿಯುವುದು ಗಾಜು ಒಡೆದು ಹೊರಗೆ ಕಂಡ ಕಬ್ಬಿಣಕ್ಕೆ. ಹಾಗಾಗಿ ನಮ್ಮ ಮುಂದೆ ಎರಡು ಬೇರೆ ಬೇರೆ ಕೆಲಸ ಇವೆ. ಗಾಜಿನ ಮೇಲೆ ಹರಿದು ಕೂತ ಕಲೆ ಒಂದು. ಚಕ್ಕೆ ಎದ್ದ ಜಾಗದಲ್ಲಿ ಕಬ್ಬಿಣವನ್ನೇ ತಿನ್ನುತ್ತಿರುವ ತುಕ್ಕು ಇನ್ನೊಂದು. ಮೊದಲನೆಯದು ಸುಲಭ. ಎರಡನೆಯದರ ಕತೆ ಬೇರೆ.

ತಾತನ ಬೋರ್ಡಿನ ಮೇಲೇ ಪ್ರಯೋಗ ಮಾಡಲು ಧೈರ್ಯ ಬರಲಿಲ್ಲ. ಗುಜರಿಗೆ ಹೋಗಿ ತಲೆಬುರುಡೆ ಇರುವ ಹಳೇ "ಅಪಾಯ" ಬೋರ್ಡ್ ತಂದೆ. ಬಿಳಿ ನೆಲ, ಕೆಂಪು ಅಕ್ಷರ, ಬೇಕಾದಷ್ಟು ತುಕ್ಕು. 150 ರೂಪಾಯಿ ಕೊಟ್ಟೆ, ಜಾಸ್ತಿಯೇ ಆಯ್ತು. ಮೊದಲು ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿದೆ. ಟೇಪ್ ಅಂಟಿಸಿ ಆರು ಮನೆ ಮಾಡಿದೆ. ಪ್ರತಿ ಮನೆಯಲ್ಲೂ ಒಂದಿಷ್ಟು ಕಲೆ, ಒಂದಿಷ್ಟು ಚಕ್ಕೆ ಎದ್ದ ಜಾಗ ಇರುವಂತೆ ನೋಡಿಕೊಂಡೆ. ಅಳತೆ ಕರಾರುವಾಕ್ಕಾಗಿತ್ತು ಅಂತ ಹೇಳಲಾರೆ. ಅಂಚಿನ ಮನೆಯ ತುಕ್ಕು ಉಳಿದವಕ್ಕಿಂತ ಆಳವಾಗಿತ್ತು.

ತುಕ್ಕು ಹೋಯಿತೇ ಅನ್ನುವುದು ಕಣ್ಣಿಗೆ ಕಾಣುತ್ತದೆ. ಗಾಜಿನ ಹೊಳಪು ಉಳಿಯಿತೇ ಅನ್ನುವುದು ಅಷ್ಟು ಬೇಗ ಕಾಣುವುದಿಲ್ಲ. ಇದಕ್ಕೆ ಎನಾಮಲ್ ಮಾಡುವವರ ಹತ್ತಿರ ಒಂದು ಹಳೇ ಉಪಾಯ ಇದೆ. ಶೇಕಡಾ 10ರ ಸಿಟ್ರಿಕ್ ಆಸಿಡ್ ಹನಿಯನ್ನು 15 ನಿಮಿಷ ಬಿಟ್ಟು, ತೊಳೆದು, ಒಣಗಿಸಿ, ಆ ಜಾಗದಲ್ಲಿ ಪೆನ್ಸಿಲ್ ಗೆರೆ ಎಳೆಯುತ್ತಾರೆ. ಒಣ ಬಟ್ಟೆಯಲ್ಲಿ ಒರೆಸಿದರೆ ಗೆರೆ ಹೋಗಬೇಕು. ಹೋಗದಿದ್ದರೆ ಆಸಿಡ್ ಗಾಜನ್ನು ಕಚ್ಚಿ ಒರಟು ಮಾಡಿದೆ ಅಂತ ಅರ್ಥ. ಪೆನ್ಸಿಲ್ಲಿಗೆ ಐದು ರೂಪಾಯಿ. ನನ್ನ ಆರೂ ಮನೆಗೆ ಇದೇ ನ್ಯಾಯಾಧೀಶ.

ಕೈಲಾಗದವರನ್ನು ಮೊದಲು ಕಳಿಸಿಬಿಡೋಣ. ಅಡುಗೆ ಸೋಡಾವನ್ನು ಗಂಧದ ಹದಕ್ಕೆ ಕಲಸಿ ಉಜ್ಜಿದೆ. ದಶಕಗಳ ಕೊಳೆ, ಹೊಗೆ, ಜಿಡ್ಡು ಚೆನ್ನಾಗಿ ಹೋಯಿತು. ತುಕ್ಕು ಮಾತ್ರ ಇದ್ದ ಹಾಗೇ ಇತ್ತು. ಕೋಲಾದಲ್ಲಿ ಫಾಸ್ಫಾರಿಕ್ ಆಸಿಡ್ ಇರುವುದು ನಿಜ. ಆದರೆ ತೀರಾ ಕಡಿಮೆ. ರಾತ್ರಿಯಿಡೀ ಇಟ್ಟರೂ ಕಲೆ ಸ್ವಲ್ಪ ತೆಳುವಾಯಿತು ಅಷ್ಟೇ. ಬೆಳಗ್ಗೆ ನೋಡಿದರೆ ಬೋರ್ಡಿನ ತುಂಬ ಇರುವೆ. ವಿನೆಗರ್ ಇವೆರಡಕ್ಕಿಂತ ಮೇಲು. ಅಂಗಡಿ ಬಾಟಲಿಯಲ್ಲಿ ಶೇಕಡಾ 4ರಷ್ಟು ಅಸಿಟಿಕ್ ಆಸಿಡ್ ಇರುತ್ತದೆ. ಎಂಟು ಗಂಟೆಯಲ್ಲಿ ಅರ್ಧ ಕಲೆ ತೆಗೆಯಿತು, ಪೆನ್ಸಿಲ್ ಪರೀಕ್ಷೆಯಲ್ಲೂ ಪಾಸಾಯಿತು. ಆದರೆ ಮನೆಯೆಲ್ಲ ಚೈನೀಸ್ ಗಾಡಿಯ ವಾಸನೆ.

ನಿಜವಾದ ಸ್ಪರ್ಧೆ ಇದ್ದದ್ದು ಉಳಿದ ಮೂವರಲ್ಲಿ.

ಟಾಯ್ಲೆಟ್ ತೊಳೆಯುವ ದ್ರಾವಣದ ಬಗ್ಗೆ ನನಗೆ ಬಹಳ ಆಸೆ ಇತ್ತು. ಅದರಲ್ಲಿರುವುದು ಹೈಡ್ರೋಕ್ಲೋರಿಕ್ ಆಸಿಡ್, ಸಾಮಾನ್ಯವಾಗಿ ಶೇಕಡಾ 10ರ ಆಸುಪಾಸು. ಬಾಲ್ಕನಿಯಲ್ಲಿ, ಕೈಗೆ ಗ್ಲೌಸ್ ಹಾಕಿಕೊಂಡು, ಬ್ರಷ್ಷಿನಲ್ಲಿ ಹಚ್ಚಿದೆ. ಹತ್ತೇ ನಿಮಿಷ. ಕಲೆ ಮಾಯ. ಚಕ್ಕೆ ಎದ್ದ ಜಾಗದಲ್ಲಿ ಸಣ್ಣಗೆ ಗುಳ್ಳೆ ಎದ್ದು, ತಗಡು ಬೂದು ಬಣ್ಣಕ್ಕೆ ಬಂತು. ಗೆದ್ದೆ ಅಂದುಕೊಂಡು ಕಾಫಿಗೆ ಹೋದೆ. ಸಂಜೆ ಬಂದು ನೋಡಿದರೆ ಅದೇ ಜಾಗದಲ್ಲಿ ಹೊಸ ಕಿತ್ತಳೆ ತುಕ್ಕು. ಆ ಗುಳ್ಳೆ ತುಕ್ಕಿನದಲ್ಲ. ಆಸಿಡ್ ಕಬ್ಬಿಣವನ್ನೇ ತಿನ್ನುವಾಗ ಬಂದ ಹೈಡ್ರೋಜನ್. ಮೇಲೆ ಉಳಿದ ಕ್ಲೋರೈಡ್ ಗಾಳಿಯ ತೇವ ಎಳೆದುಕೊಂಡು ಮತ್ತೆ ತುಕ್ಕು ಹಿಡಿಸುತ್ತದೆ. ಆಮೇಲೆ ಪೆನ್ಸಿಲ್ ಗೆರೆ ಎಳೆದೆ. ಬಿಳಿ ಜಾಗದಲ್ಲೇ ಗೆರೆ ಒರೆಸಿದರೂ ಮಸುಕಾಗಿ ಉಳಿಯಿತು. ಕೆಂಪು ಅಕ್ಷರದ ಮೇಲೆ ಟ್ಯೂಬ್‌ಲೈಟಿನ ಪ್ರತಿಬಿಂಬ ಮಂಕಾಗಿತ್ತು. ಹೋದ ಹೊಳಪನ್ನು ಯಾವ ಪಾಲಿಶ್ಶೂ ವಾಪಸ್ ತರುವುದಿಲ್ಲ, ಅದು ಗಾಜು.

ಇನ್ನೊಂದು ಮಾತು. ಪಕ್ಕದ ಮನೆಯವರು "ಬ್ಲೀಚ್ ಹಾಕಿ ನೋಡಿ ಸಾರ್" ಅಂದರು. ಬ್ಲೀಚಿನಿಂದ ತುಕ್ಕು ಹೋಗುವುದಿಲ್ಲ, ಕಬ್ಬಿಣ ಇನ್ನಷ್ಟು ತುಕ್ಕು ಹಿಡಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಈ ಟಾಯ್ಲೆಟ್ ದ್ರಾವಣಕ್ಕೆ ಬ್ಲೀಚ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಇಂಥ ಸಾಹಸ ಮಾಡಿದರೆ ಜೀವಕ್ಕೇ ಅಪಾಯ.

ಹುಣಸೆಹಣ್ಣು ಅಮ್ಮನ ಪಕ್ಷ. "ದೇವರ ಸಾಮಾನಿಗೆ ಆಗುತ್ತೆ, ನಿನ್ನ ಬೋರ್ಡಿಗೆ ಯಾಕೋ ಆಗಲ್ಲ?" ಅಂದಳು. ನಿಂಬೆಗಾತ್ರದ ಹುಣಸೆಯನ್ನು ಬಿಸಿನೀರಿನಲ್ಲಿ ನೆನೆಸಿ, ಕಿವುಚಿ, ಗಟ್ಟಿ ರಸವನ್ನು ಕಲೆಯ ಮೇಲೆ ಬಳಿದು, ಪ್ಲಾಸ್ಟಿಕ್ ಮುಚ್ಚಿಟ್ಟೆ. ಎರಡು ಗಂಟೆ ಬಿಟ್ಟು ನೋಡಿದರೆ ನಿಜಕ್ಕೂ ಆಶ್ಚರ್ಯ. ಗಾಜಿನ ಮೇಲಿನ ಕಲೆ ಮುಕ್ಕಾಲು ಪಾಲು ಹೋಗಿತ್ತು. ಹುಣಸೆಯ ಟಾರ್ಟಾರಿಕ್ ಆಸಿಡ್ ಕಬ್ಬಿಣದ ಕಣವನ್ನು ಹಿಡಿದು ನೀರಿಗೆ ಎಳೆಯುತ್ತದೆ. ಜೊತೆಗೆ ತಿರುಳು ಹೆಚ್ಚು ಹೊತ್ತು ಒದ್ದೆಯಾಗಿ ಅಂಟಿಕೊಂಡಿರುತ್ತದೆ. ವಿನೆಗರ್ ಹಾಗೆ ನಿಲ್ಲದೆ ಹರಿದುಹೋಗುತ್ತದೆ. ಪೆನ್ಸಿಲ್ ಗೆರೆ ಪೂರ್ತಿ ಅಳಿಸಿತು.

ಆದರೆ ಮೊದಲ ಸಲ ಒಂದು ತಪ್ಪಾಗಿತ್ತು. ಹಿತ್ತಾಳೆ ಚೊಂಬಿಗೆ ಹಾಕುವ ಅಭ್ಯಾಸದಲ್ಲಿ ಅಮ್ಮ ಚಿಟಿಕೆ ಉಪ್ಪನ್ನೂ ಸೇರಿಸಿಬಿಟ್ಟಿದ್ದಳು. ಹಿತ್ತಾಳೆಗೆ ಅದು ಸರಿ. ಕಬ್ಬಿಣಕ್ಕೆ ಉಪ್ಪು ಶತ್ರು. ಮಾರನೇ ದಿನ ಚಕ್ಕೆ ಜಾಗ ಪೂರಾ ಕೆಂಪಗಾಗಿತ್ತು. ಉಪ್ಪಿಲ್ಲದೆ ಮತ್ತೆ ಮಾಡಿದಾಗ ಆ ತೊಂದರೆ ಆಗಲಿಲ್ಲ. ಹುಣಸೆಯ ಸೋಲು ಬೇರೆ ಕಡೆ ಇದೆ. ತೂತಿನ ಸುತ್ತಲಿನ ದಪ್ಪ ತುಕ್ಕಿಗೆ ಅದರ ಶಕ್ತಿ ಸಾಲದು. ಮತ್ತೆ ಆ ನಾರು, ಸಿಪ್ಪೆ ತೂತಿನೊಳಗೆ ಸಿಕ್ಕಿಕೊಂಡರೆ ಕಡ್ಡಿಯಲ್ಲಿ ಕೆದಕುತ್ತಾ ಕೂರಬೇಕು.

ನಿಂಬೆ ಉಪ್ಪು ಅಂದರೆ ಸಿಟ್ರಿಕ್ ಆಸಿಡ್. ಉತ್ತರ ಕರ್ನಾಟಕದ ಕಡೆ ಲಿಂಬು ಸತ್ವ ಅಂತ ಕೇಳಿ. ಹೆಸರಲ್ಲಿ ಉಪ್ಪು ಇದ್ದರೂ ಅಡುಗೆ ಉಪ್ಪಲ್ಲ, ಹೆದರಬೇಡಿ. ದಿನಸಿ ಅಂಗಡಿಯಲ್ಲಿ 100 ಗ್ರಾಂ ಪ್ಯಾಕೆಟ್ 40 ರೂಪಾಯಿಗೆ ಸಿಕ್ಕಿತು. ಒಂದು ಲೋಟ ಬಿಸಿನೀರಿಗೆ ಒಂದು ಟೀ ಚಮಚ. ಟಿಶ್ಯೂ ಪೇಪರನ್ನು ಅದರಲ್ಲಿ ಅದ್ದಿ, ತುಕ್ಕಿನ ಮೇಲೆ ಹಾಸಿ, ಒಣಗದಂತೆ ಪ್ಲಾಸ್ಟಿಕ್ ಮುಚ್ಚಿದೆ. ಅರ್ಧ ಗಂಟೆಗೊಮ್ಮೆ ತೆಗೆದು ಹಳೇ ಟೂತ್‌ಬ್ರಷ್ಷಿನಲ್ಲಿ ಮೆಲ್ಲಗೆ ಉಜ್ಜಿ, ಹೊಸ ಟಿಶ್ಯೂ. ಒಂದು ಗಂಟೆಯಲ್ಲಿ ಕಲೆ ಹೋಯಿತು. ನಾಲ್ಕನೇ ಸುತ್ತಿಗೆ ದಪ್ಪ ತುಕ್ಕು ಕಪ್ಪು ಕೆಸರಾಗಿ ಬಿಟ್ಟುಕೊಂಡಿತು. ಟಿಶ್ಯೂ ಹಳದಿಗೆ ತಿರುಗುವುದನ್ನು ನೋಡುವುದೇ ಒಂದು ಖುಷಿ. ಗೆರೆ ಅಳಿಸಿತು.

ಇದನ್ನೂ ರಾತ್ರಿಯಿಡೀ ಬಿಡಬೇಡಿ. ಕಾರ್ಖಾನೆಯವರು ಗಾಜಿನ ತಾಕತ್ತು ಅಳೆಯಲು ಬಳಸುವುದು ಇದೇ ಆಸಿಡ್ ಅಲ್ವಾ? ನನ್ನ ಪಾಕದ ಶಕ್ತಿ ಅದರ ಕಾಲು ಭಾಗದಷ್ಟೇ, ಆದರೂ ಹಳೇ ಎನಾಮಲ್‌ಗಳೆಲ್ಲ ಒಂದೇ ಗಟ್ಟಿ ಅಲ್ಲ. ಒಂದು ಮೂಲೆಯಲ್ಲಿ ಮೊದಲು ಹನಿ ಹಾಕಿ, ಪೆನ್ಸಿಲ್ ಎಳೆದು ನೋಡಿಯೇ ಮುಂದುವರಿಯಿರಿ. ನಿಂಬೆಹಣ್ಣೇ ಹಿಂಡಿದರೆ ಆಗದೇ ಅಂದರೆ, ಆಗುತ್ತೆ. ಆದರೆ ಒಂದು ಬೋರ್ಡಿಗೆ ಹನ್ನೆರಡು ಹಣ್ಣು ಹಿಂಡುವ ಬದಲು ಚಿತ್ರಾನ್ನ ಮಾಡಿಕೊಳ್ಳುವುದು ವಾಸಿ.

ಆ ಅಂಚಿನ ಮನೆಯ ಆಳದ ತುಕ್ಕಿಗೆ ಕೊನೆಗೆ ಹಾರ್ಡ್‌ವೇರ್ ಅಂಗಡಿಯಿಂದ ಆಕ್ಸಾಲಿಕ್ ಆಸಿಡ್ ತಂದೆ. ಮಾರ್ಬಲ್ ಪಾಲಿಶ್ ಮಾಡುವವರು ಬಳಸುವ ಬಿಳಿ ಹರಳು. ತುಕ್ಕಿನ ಕಲೆಗೆ ನಿಂಬೆ ಉಪ್ಪಿಗಿಂತ ಬೇಗ ಕೆಲಸ ಮಾಡಿತು. ಆದರೆ ವಿಷ. ಹೊಟ್ಟೆಗೆ ಹೋದರೆ ಮೂತ್ರಪಿಂಡಕ್ಕೆ ಪೆಟ್ಟು. ನೋಡಲು ಸಕ್ಕರೆಯ ಹಾಗೇ ಇರುವುದರಿಂದ ಅಡುಗೆಮನೆಯ ಹತ್ತಿರವೂ ತರಬೇಡಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ನಾನಂತೂ ಇದನ್ನು ಹೇಳುವುದಿಲ್ಲ.

ಸ್ಟೀಲ್ ನಾರು, ಮರಳು ಕಾಗದ ಎರಡೂ ಬೇಡ. ಗೀರು ಬೀಳುವುದು ಒಂದು. ಹಳೇ ಎನಾಮಲ್‌ನಲ್ಲಿ ಸೀಸ ಇರಬಹುದು, ಉಜ್ಜಿದ ಧೂಳು ಮೂಗಿಗೆ ಹೋಗುವುದು ಇನ್ನೊಂದು.

ತಾತನ ಬೋರ್ಡಿಗೆ ಕೊನೆಗೆ ಎರಡನ್ನು ಬಳಸಿದೆ. ಅಕ್ಷರಗಳ ಮೇಲಿನ ಗೆರೆಗಳಿಗೆ ಹುಣಸೆ, ಯಾಕೆಂದರೆ ಕೆಂಪು ಬಣ್ಣದ ಬಗ್ಗೆ ನನಗೆ ಭಯ ಇತ್ತು. ತೂತುಗಳಿಗೆ ನಿಂಬೆ ಉಪ್ಪು. ಒಂದು ಭಾನುವಾರ ಪೂರ್ತಿ ಹಿಡಿಯಿತು. ಅಮ್ಮ ಈಗಲೂ ಹುಣಸೆ ಗೆದ್ದಿತು ಅಂತಲೇ ಹೇಳುತ್ತಾಳೆ.

ಆಸಿಡ್ ತೆಗೆದ ಮೇಲಿನ ಹತ್ತು ನಿಮಿಷ ಬಹಳ ಮುಖ್ಯ. ಬರಿಯ ಕಬ್ಬಿಣ ಗಾಳಿಗೆ ಬಂದ ಕೂಡಲೇ ತುಕ್ಕು ಶುರು. ಅಡುಗೆ ಸೋಡಾ ಕದಡಿದ ನೀರಿನಲ್ಲಿ ತೊಳೆದು ಹುಳಿ ಮುರಿದೆ (ಸೋಡಾ ಇಲ್ಲಿ ಉಪಯೋಗಕ್ಕೆ ಬಂತು). ಆಮೇಲೆ ಒಳ್ಳೆ ನೀರು, ಬಟ್ಟೆ, ತೂತುಗಳಿಗೆ ಹೇರ್ ಡ್ರೈಯರ್, ಆಮೇಲೆ ಬಿಸಿಲು. ತಣ್ಣಗಾದ ಮೇಲೆ ಕಾರಿಗೆ ಹಚ್ಚುವ ಮೇಣದ ಪಾಲಿಶ್. ತಿಪಟೂರಿನವರಾಗಿ ಕೊಬ್ಬರಿ ಎಣ್ಣೆ ಹಚ್ಚೋಣ ಅಂತ ಅಪ್ಪ ಹೇಳಿದರು. ಅದು ಸ್ವಲ್ಪ ದಿನಕ್ಕೆ ಮುಗ್ಗಲು ವಾಸನೆ ಬಂದು ಧೂಳು ಹಿಡಿಯುತ್ತದೆ. ಬೇಕಾದರೆ ಹೊಲಿಗೆ ಮೆಷಿನ್ ಎಣ್ಣೆ ಒಂದು ಹನಿ ಹಾಕಬಹುದು.

ಚಕ್ಕೆ ಎದ್ದ ಜಾಗಕ್ಕೆ ಬಣ್ಣ ಬಳಿಯಲಿಲ್ಲ. ಅಲ್ಲಿ ಈಗ ಕಪ್ಪು ಕಬ್ಬಿಣ, ಅದರ ಸುತ್ತ ನೀಲಿಗಪ್ಪು ಬಳೆಯಂಥ ಅಂಚು ಕಾಣುತ್ತದೆ. ಅದು ಗಾಜು ಕಬ್ಬಿಣಕ್ಕೆ ಅಂಟಲಿ ಅಂತ ಮೊದಲು ಹಚ್ಚುವ ಕೋಬಾಲ್ಟ್ ಬೆರೆಸಿದ ತಳದ ಪದರ. ಬೋರ್ಡನ್ನು ಅಡುಗೆಮನೆಯಲ್ಲಿ ಹಾಕಬೇಕೆಂದಿದ್ದೆ. ಕುಕ್ಕರಿನ ಹಬೆಗೆ ಹೆದರಿ ಹಾಲಿಗೆ ಹಾಕಿದೆ. ಮೊಳೆಗೂ ತೂತಿಗೂ ನಡುವೆ ಹಳೇ ನಲ್ಲಿಯ ರಬ್ಬರ್ ವಾಷರ್ ಕೊಟ್ಟಿದ್ದೇನೆ. ಮುಂಗಾರಿಗೆ ಮುಂಚೆ ಇನ್ನೊಂದು ಸಲ ಮೇಣ ಹಚ್ಚಬೇಕು.