ಕಟ್ಟಿದ ಮೂಗಿಗೆ ಹಬೆಯೋ, ಸ್ಪ್ರೇಯೋ, ಉಪ್ಪುನೀರೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಉಪ್ಪುನೀರಿನ ಬಾಟಲಿಗೆ. ಮೆತ್ತನೆಯ ಪ್ಲಾಸ್ಟಿಕ್ ಬಾಟಲಿ ಅದು. ಹಿಂಡಿದರೆ ನೀರು ಒಂದು ಹೊಳ್ಳೆಯಿಂದ ಒಳಗೆ ಹೋಗಿ ಇನ್ನೊಂದರಿಂದ ಹೊರಗೆ ಬರುತ್ತದೆ. ಅದನ್ನು ಕೊಳ್ಳುವ ಮುಂಚೆ ಪಾತ್ರೆಯ ಹಬೆ, ಕರೆಂಟಿನ ಹಬೆಯಂತ್ರ, ಮೂಗಿನ ಸ್ಪ್ರೇ, ಎದೆಗೆ ಹಚ್ಚುವ ಮೆಂಥಾಲ್ ಮುಲಾಮು ಎಲ್ಲವನ್ನೂ ಬಳಸಿ ನೋಡಿದ್ದೇನೆ. ಅವುಗಳಲ್ಲಿ ಕೆಲವು ಇನ್ನೂ ಮನೆಯಲ್ಲಿವೆ, ಆಗಾಗ ಉಪಯೋಗಕ್ಕೂ ಬರುತ್ತವೆ. ಆದರೆ ನೆಗಡಿ ಶುರುವಾದ ಸಂಜೆ ಕೈ ಹೋಗುವುದು ಬಾಟಲಿಗೇ.

ನೆಗಡಿಯಲ್ಲಿ ನನ್ನನ್ನು ಹಣ್ಣು ಮಾಡುವುದು ಸೀನಲ್ಲ, ಕೆಮ್ಮಲ್ಲ, ರಾತ್ರಿ ಕಟ್ಟುವ ಮೂಗು. ಮೂಗು ಕಟ್ಟಿದರೆ ಬಾಯಲ್ಲಿ ಉಸಿರಾಡಬೇಕು. ಬಾಯಲ್ಲಿ ಉಸಿರಾಡಿದರೆ ಬೆಳಿಗ್ಗೆ ಗಂಟಲು ಒಣಗಿ ದನಿಯೇ ಹೊರಡುವುದಿಲ್ಲ. ನನ್ನದು ದಿನವಿಡೀ ಮಾತಾಡುವ ಕೆಲಸ. ಹಾಗಾಗಿ ಈ ಹೋಲಿಕೆಯಲ್ಲಿ ನಾನು ನೋಡಿದ್ದು ಒಂದೇ: ಇವುಗಳಲ್ಲಿ ಯಾವುದು ನನಗೆ ಮೂಗಿನಲ್ಲಿ ಉಸಿರಾಡುತ್ತಾ ನಿದ್ದೆ ಮಾಡಲು ಬಿಡುತ್ತದೆ?

ಮೂಗು ಕಟ್ಟುವುದೆಂದರೆ ಸಿಂಬಳ ತುಂಬಿಕೊಳ್ಳುವುದು ಎಂದೇ ಬಹಳ ಜನ ತಿಳಿದಿರುತ್ತಾರೆ. ಸಿಂಬಳವೂ ಇರುತ್ತದೆ ನಿಜ, ಆದರೆ ದಾರಿ ಮುಚ್ಚುವುದರಲ್ಲಿ ದೊಡ್ಡ ಪಾಲು ಊತದ್ದು. ಮೂಗಿನ ಒಳಗೋಡೆಯ ರಕ್ತನಾಳಗಳು ಹಿಗ್ಗಿ ಗೋಡೆಯೇ ದಪ್ಪವಾಗುತ್ತದೆ. ಎಷ್ಟು ಸೀಂಟಿದರೂ ಏನೂ ಬಾರದೆ ಮೂಗು ಮಾತ್ರ ಕಟ್ಟಿಕೊಂಡೇ ಇರುವುದು ಇದಕ್ಕೇ. ಮಲಗಿದಾಗ ತಲೆಯ ಭಾಗದಲ್ಲಿ ರಕ್ತ ಹೆಚ್ಚು ನಿಂತು ಊತ ಇನ್ನಷ್ಟು ಏರುತ್ತದೆ. ಮಗ್ಗುಲಾಗಿ ಮಲಗಿದರೆ ಕೆಳಗಿನ ಹೊಳ್ಳೆ ಮುಚ್ಚಿಕೊಳ್ಳುತ್ತದೆ, ಹೊರಳಿದರೆ ಸ್ವಲ್ಪ ಹೊತ್ತಿಗೆ ಇನ್ನೊಂದು. ಇಷ್ಟು ಗೊತ್ತಿದ್ದರೆ ಯಾವ ಉಪಾಯ ಯಾವುದರ ಮೇಲೆ ಕೆಲಸ ಮಾಡುತ್ತದೆ ಎಂಬುದು ಬೇಗ ಅರ್ಥವಾಗುತ್ತದೆ. ಸ್ಪ್ರೇ ಊತವನ್ನು ಇಳಿಸುತ್ತದೆ, ಉಪ್ಪುನೀರು ಸಿಂಬಳವನ್ನು ತೊಳೆದು ಹಾಕುತ್ತದೆ, ಹಬೆ ಹಿತ ಕೊಡುತ್ತದೆ. ಮೆಂಥಾಲ್ ಇದ್ಯಾವುದನ್ನೂ ಮಾಡುವುದಿಲ್ಲ. ತಂಪು ಗುರುತಿಸುವ ನರಗಳನ್ನು ಕೆಣಕಿ ಗಾಳಿ ಚೆನ್ನಾಗಿ ಆಡುತ್ತಿದೆ ಎಂಬ ಭಾವನೆ ಹುಟ್ಟಿಸುತ್ತದೆ, ದಾರಿ ಇದ್ದಷ್ಟೇ ಇರುತ್ತದೆ. ಆ ಭಾವನೆಯಿಂದಲೇ ನಿದ್ದೆ ಬರುವವರಿದ್ದಾರೆ, ನನಗೆ ಬರಲಿಲ್ಲ. ಎರಡು ವರ್ಷ ತುಂಬದ ಮಕ್ಕಳಿಗೆ ಕರ್ಪೂರ, ಮೆಂಥಾಲ್ ಇರುವ ಮುಲಾಮು ಹಚ್ಚಬಾರದು.

ಹಬೆ ಅಮ್ಮನ ಆಯ್ಕೆ. ಈಗಲೂ ನನ್ನ ದನಿ ಕೇಳಿದ ಕೂಡಲೇ ಫೋನಿನಲ್ಲಿ, "ಒಂದೈದು ನಿಮಿಷ ಹಬೆ ತಗೊಂಡು ಮಲ್ಕೋ, ಸರಿಹೋಗುತ್ತೆ" ಎನ್ನುತ್ತಾರೆ. ಹಬೆಯ ಸುಖವನ್ನು ನಾನು ಅಲ್ಲಗಳೆಯುವುದಿಲ್ಲ. ಟವೆಲ್ ಹೊದ್ದು ಬಿಸಿ ಹಬೆಗೆ ಮುಖ ಒಡ್ಡಿದರೆ ಕಣ್ಣಿನ ಸುತ್ತಲಿನ ಬಿಗಿತ ಸಡಿಲವಾಗುತ್ತದೆ, ಸಿಂಬಳ ತೆಳುವಾಗಿ ಇಳಿಯುತ್ತದೆ. ಆದರೆ ಹಬೆ ತೆಗೆದುಕೊಂಡು ಎದ್ದು ಹಾಸಿಗೆಗೆ ಹೋಗಿ, ದಿಂಬಿಗೆ ತಲೆ ಕೊಟ್ಟು ಸ್ವಲ್ಪ ಹೊತ್ತಾಗುವಷ್ಟರಲ್ಲಿ ಮೂಗು ಮತ್ತೆ ಮೊದಲಿನ ಹಾಗೆಯೇ. ಬಿಸಿಯಾದ ತೇವದ ಗಾಳಿಯಿಂದ ನೆಗಡಿಗೆ ಪ್ರಯೋಜನವಿದೆಯೇ ಎಂದು ಚಿಕಿತ್ಸೆಗಳನ್ನು ಒರೆಗೆ ಹಚ್ಚುವ ಕೊಕ್ರೇನ್ ಎಂಬ ಸಂಶೋಧನಾ ಸಂಸ್ಥೆಯವರು ಪ್ರಯೋಗಗಳನ್ನೆಲ್ಲ ಒಟ್ಟುಹಾಕಿ ನೋಡಿದಾಗಲೂ ಸ್ಪಷ್ಟವಾದ ಲಾಭ ಕಾಣಲಿಲ್ಲ. ಕುದಿಯುವ ನೀರಿನ ಪಾತ್ರೆ ಉರುಳಿ ತೊಡೆ, ಹೊಟ್ಟೆ ಸುಟ್ಟುಕೊಳ್ಳುವ ಅಪಾಯವಂತೂ ಇದ್ದೇ ಇದೆ. ಮಕ್ಕಳನ್ನು ಬಿಸಿನೀರಿನ ಪಾತ್ರೆಯ ಮುಂದೆ ಕೂರಿಸಲೇಬಾರದು.

ಆ ಅಪಾಯ ತಪ್ಪಲಿ ಎಂದೇ ಕರೆಂಟಿನ ಹಬೆಯಂತ್ರ ಕೊಂಡಿದ್ದೆ. ಗೆರೆ ದಾಟಿ ಒಂದು ತೊಟ್ಟು ನೀರು ಹೆಚ್ಚಾದರೂ ಮೂತಿಯಿಂದ ಬಿಸಿ ಹನಿಗಳನ್ನು ಸಿಡಿಸುತ್ತಿತ್ತು. ವಯರು ಮೋಟು. ಪ್ಲಗ್ ಇರುವಲ್ಲಿಗೇ ಹೋಗಿ ಗೋಡೆಗೆ ಆತು ಕುಳಿತುಕೊಳ್ಳಬೇಕು. ಕೆಲವು ವಾರಗಳಲ್ಲಿ ಕಾಯುವ ತಟ್ಟೆಯ ಮೇಲೆ ಬಿಳಿ ಸುಣ್ಣದ ಪದರ ಕಟ್ಟಿ ಹಬೆ ಬರುವುದೇ ತಡವಾಯಿತು. ಅದಕ್ಕೆ ಕೊಟ್ಟ ದುಡ್ಡು ದಂಡ.

ಸ್ಪ್ರೇ ವಿಷಯಕ್ಕೆ ಬಂದರೆ, ವೇಗದಲ್ಲಿ ಅದನ್ನು ಮೀರಿಸುವುದು ಯಾವುದೂ ಇಲ್ಲ. ಆಕ್ಸಿಮೆಟಾಜೊಲಿನ್ ಅಥವಾ ಕ್ಸೈಲೊಮೆಟಾಜೊಲಿನ್ ಇರುವ ಸ್ಪ್ರೇಗಳು ಹಿಗ್ಗಿದ ರಕ್ತನಾಳಗಳನ್ನು ನೇರವಾಗಿ ಕುಗ್ಗಿಸುತ್ತವೆ. ಹಾಕಿದ ಕೆಲವೇ ನಿಮಿಷಗಳಲ್ಲಿ ಮೂಗು ಬಿಡುತ್ತದೆ, ಇಡೀ ರಾತ್ರಿ ಸಾಗುತ್ತದೆ. ಅಷ್ಟು ಒಳ್ಳೆಯದಾಗಿದ್ದರೂ ಅದು ನನ್ನ ಮೊದಲ ಆಯ್ಕೆಯಾಗದಿರಲು ಕಾರಣ ಲೆಕ್ಕಾಚಾರ. ನೆಗಡಿ ಸಾಮಾನ್ಯವಾಗಿ 7ರಿಂದ 10 ದಿನ ಇರುತ್ತದೆ. ಸ್ಪ್ರೇ ಬಳಸಬಹುದಾದದ್ದು 3 ದಿನ, ಹೆಚ್ಚೆಂದರೆ 5. ಅದಕ್ಕಿಂತ ಮುಂದುವರಿಸಿದರೆ ಔಷಧದ ಪ್ರಭಾವ ಇಳಿಯುತ್ತಿದ್ದಂತೆ ಮೂಗು ಮೊದಲಿಗಿಂತ ಜೋರಾಗಿ ಕಟ್ಟುತ್ತದೆ, ಅದಕ್ಕೆ ಮತ್ತೆ ಸ್ಪ್ರೇ, ಮತ್ತೆ ಕಟ್ಟುವುದು. ನೆಗಡಿ ಹೋಗಿ ಎಷ್ಟೋ ಕಾಲವಾದ ಮೇಲೂ ಜೇಬಿನಲ್ಲಿ ಸ್ಪ್ರೇ ಇಲ್ಲದೆ ಹೊರಗೆ ಹೆಜ್ಜೆ ಇಡಲಾರದವರನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ರಕ್ತದೊತ್ತಡ, ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಹಾಕಿಕೊಳ್ಳಬೇಕು.

ಸ್ಪ್ರೇ ಬದಲು ಮೂಗು ಬಿಡಿಸುವ ಮಾತ್ರೆ ಸಾಕಲ್ಲವೇ ಎನ್ನುವವರಿಗೆ ಒಂದು ಮಾತು. ನೆಗಡಿ ಮಾತ್ರೆಗಳಲ್ಲಿ ಸಾಮಾನ್ಯವಾಗಿರುವ ಫಿನೈಲ್ಎಫ್ರಿನ್ ಅನ್ನು ನುಂಗಿದರೆ ಮೂಗು ಬಿಡುವುದಿಲ್ಲ ಎಂದು 2023ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ತಜ್ಞರ ಸಮಿತಿ ಒಮ್ಮತದಿಂದ ಹೇಳಿತು. ಮಾತ್ರೆಯ ಚೀಟಿ ಓದಿ ಕೊಳ್ಳಿ.

ಇನ್ನು ಬಾಟಲಿ. ಬಚ್ಚಲ ಸಿಂಕಿನ ಮೇಲೆ ಬಗ್ಗಿ, ತಲೆ ಕೊಂಚ ಓರೆ ಮಾಡಿ, ಬಾಯಿ ತೆರೆದು ಉಸಿರಾಡುತ್ತಾ ಮೆಲ್ಲಗೆ ಹಿಂಡಬೇಕು. ಹಿಂಡುವಾಗ "ಕ ಕ ಕ" ಎನ್ನುತ್ತಿದ್ದರೆ ಗಂಟಲಿಗೆ ನೀರು ಇಳಿಯುವುದು ಕಡಿಮೆ. ಮೊದಲು ತೆಳ್ಳಗೆ ನೀರು ಬರುತ್ತದೆ, ಆಮೇಲೆ ಎಳೆಎಳೆಯಾಗಿ ಸಿಂಬಳ, ಕೆಲವೊಮ್ಮೆ ಒಳಗೆ ಎಲ್ಲೋ ಅಂಟಿ ಕುಳಿತಿದ್ದ ಗಟ್ಟಿ ತುಣುಕು. ಅದು ಜಾರಿ ಬಿದ್ದ ಕ್ಷಣದಲ್ಲಿ ಹಣೆಯ ಭಾರ ಇಳಿಯುವುದು ನನಗೆ ಸ್ಪಷ್ಟವಾಗಿ ತಿಳಿಯುತ್ತದೆ. ಸೀಂಟುವಾಗ ಜೋರು ಮಾಡಬಾರದು, ಕಿವಿಗೆ ಒತ್ತಡ ಹೋಗುತ್ತದೆ. ಮಲಗುವುದಕ್ಕೆ ಅರ್ಧ ಗಂಟೆ ಮುಂಚೆ ಮುಗಿಸುತ್ತೇನೆ, ಯಾಕೆಂದರೆ ಒಳಗೆ ಉಳಿದ ನೀರು ಬಗ್ಗಿದಾಗ ಒಮ್ಮೆಲೇ ಸುರಿಯುತ್ತದೆ.

ಬಾಟಲಿಯ ದೊಡ್ಡ ಕಿರಿಕಿರಿ ಬಾಟಲಿಯಲ್ಲಿಲ್ಲ, ನೀರಿನಲ್ಲಿದೆ. ನಲ್ಲಿಯ ನೀರನ್ನು ನೇರವಾಗಿ ಮೂಗಿಗೆ ಹಾಕುವಂತಿಲ್ಲ. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ನೇಗ್ಲೇರಿಯಾ ಫೌಲೇರಿ ಎಂಬ ಅಮೀಬಾ ನೀರಿನ ಜೊತೆ ಹೊಟ್ಟೆಗೆ ಹೋದರೆ ಏನೂ ಮಾಡುವುದಿಲ್ಲ. ಮೂಗಿಗೆ ಹೋದರೆ ವಾಸನೆಯ ನರ ಹಿಡಿದು ಮಿದುಳಿಗೆ ಏರುತ್ತದೆ, ಆಮೇಲೆ ಬದುಕುವವರು ತೀರಾ ವಿರಳ. 2011ರಲ್ಲಿ ಅಮೆರಿಕದ ಲೂಸಿಯಾನಾದಲ್ಲಿ ಇಬ್ಬರು ಸತ್ತದ್ದು ನಲ್ಲಿ ನೀರಿನಿಂದ ಮೂಗು ತೊಳೆದುಕೊಂಡು. ಬಹಳ ಅಪರೂಪದ ಕಾಯಿಲೆ ಎಂಬುದು ನಿಜ. ಆದರೆ ಅದನ್ನು ತಡೆಯಲು ಬೇಕಾದದ್ದು ಒಲೆ ಹಚ್ಚುವುದಷ್ಟೇ ಆಗಿರುವಾಗ, ಅಪರೂಪ ಎಂದು ಅಸಡ್ಡೆ ಮಾಡುವುದು ಸರಿಯಲ್ಲ.

ಹಾಗಾಗಿ ಕುದಿಸಬೇಕು. ಕೊತಕೊತ ಕುದಿ ಬಂದ ಮೇಲೆ 1 ನಿಮಿಷ, 2,000 ಮೀಟರ್‌ಗಿಂತ ಎತ್ತರದ ಊರಾದರೆ 3 ನಿಮಿಷ. ಫಿಲ್ಟರ್ ನೀರಾದರೂ ನಾನು ಕುದಿಸಿಯೇ ಬಳಸುವುದು. ಕುದಿಸುವುದೇನೂ ಕಷ್ಟವಲ್ಲ, ಆರಿಸುವುದೇ ಕಷ್ಟ. ಮುಚ್ಚಿಟ್ಟ ಅರ್ಧ ಲೀಟರ್ ನೀರು ಉಗುರುಬೆಚ್ಚಗಾಗಲು ಮುಕ್ಕಾಲು ಗಂಟೆಯಾದರೂ ಬೇಕು. ಮೂಗು ಕಟ್ಟಿ ನಡುರಾತ್ರಿ ಎಚ್ಚರವಾದಾಗ ಅಷ್ಟು ಹೊತ್ತು ಅಡುಗೆಮನೆಯಲ್ಲಿ ನಿಂತು ಕಾಯುವ ತಾಳ್ಮೆ ಯಾರಿಗಿರುತ್ತದೆ? ಬೇಗ ಆರಲಿ ಎಂದು ಒಂದು ಲೋಟ ತಣ್ಣೀರು ಬೆರೆಸೋಣ ಎನ್ನಿಸುತ್ತದೆ. ಬೆರೆಸಿದರೆ ಕುದಿಸಿದ್ದು ವ್ಯರ್ಥ. ತೀರಾ ಆರಿ ತಣ್ಣಗಾದ ನೀರೂ ಬೇಡ, ಹಾಕಿದ ಕೂಡಲೇ ಹಣೆ ಚುರುಗುಟ್ಟುತ್ತದೆ.

ಇದಕ್ಕೆ ನಾನು ಕಂಡುಕೊಂಡ ದಾರಿ ಹೀಗಿದೆ. ರಾತ್ರಿ ಊಟದ ಪಾತ್ರೆ ತೊಳೆಯುವ ಹೊತ್ತಿಗೆ ಒಂದು ಲೀಟರ್ ನೀರು ಕುದಿಸುತ್ತೇನೆ. ಅರ್ಧವನ್ನು ಬಿಸಿ ಇರುವಂತೆಯೇ ಫ್ಲಾಸ್ಕಿಗೆ, ಇನ್ನರ್ಧವನ್ನು ಚೆನ್ನಾಗಿ ತೊಳೆದು ಕುದಿನೀರಲ್ಲಿ ಜಾಲಿಸಿದ ಮುಚ್ಚಳದ ಸ್ಟೀಲ್ ಡಬ್ಬಿಗೆ. ಬೇಕಾದಾಗ ಡಬ್ಬಿಯ ತಣ್ಣೀರಿಗೆ ಫ್ಲಾಸ್ಕಿನ ಬಿಸಿನೀರು ಬೆರೆಸಿದರೆ ಎರಡೂ ಕುದಿಸಿದ್ದೇ, ಹದ ಕೂಡಲೇ ಸಿಗುತ್ತದೆ. ಮಣಿಕಟ್ಟಿನ ಒಳಭಾಗದ ಮೇಲೆ ಒಂದು ಹನಿ ಬಿಟ್ಟು ನೋಡುತ್ತೇನೆ, ಬಿಸಿಯೂ ಅನ್ನಿಸಬಾರದು, ತಂಪೂ ಅನ್ನಿಸಬಾರದು. ಉಳಿದದ್ದನ್ನು ಮಾರನೆಯ ರಾತ್ರಿಗೆ ಇಡುವುದಿಲ್ಲ. ಈ ವ್ಯವಸ್ಥೆ ರೂಢಿಯಾದ ಮೇಲೆ ನಡುರಾತ್ರಿ ಎದ್ದರೂ ಎರಡು ನಿಮಿಷದ ಕೆಲಸ.

ಉಪ್ಪಿನ ಅಳತೆಯಲ್ಲಿ ಕಣ್ಣಂದಾಜು ಬೇಡ. ಬರೀ ನೀರು ಹಾಕಿದರೆ ಮೂಗು ಉರಿಯುತ್ತದೆ, ಉಪ್ಪು ಹೆಚ್ಚಾದರೂ ಉರಿಯುತ್ತದೆ. ಅರ್ಧ ಲೀಟರ್‌ಗೆ 4.5 ಗ್ರಾಂ ಹಾಕಿದರೆ 0.9 ಶೇಕಡಾ, ನಮ್ಮ ಮೈಯ ದ್ರವಗಳಿಗೆ ಹೊಂದುವ ಪ್ರಮಾಣ. ಪುಡಿ ಉಪ್ಪಾದರೆ ಸುಮಾರು ಮುಕ್ಕಾಲು ಟೀ ಚಮಚ. ಅಯೋಡಿನ್ ಮತ್ತು ಗಂಟುಕಟ್ಟದಂತೆ ಬೆರೆಸುವ ಪುಡಿ ಇಲ್ಲದ ಶುದ್ಧ ಉಪ್ಪು ಒಳ್ಳೆಯದು. ಒಂದು ಚಿಟಿಕೆ ಅಡುಗೆ ಸೋಡಾ ಸೇರಿಸಿದರೆ ಇನ್ನೂ ಹಿತ. ಅಳತೆ ಮಾಡಿ ಕಟ್ಟಿದ ಪೊಟ್ಟಣಗಳೂ ಸಿಗುತ್ತವೆ. ಪ್ರಯಾಣಕ್ಕೆ ಅವು ಅನುಕೂಲ, ದಿನನಿತ್ಯಕ್ಕೆ ದುಬಾರಿ.

ಉಪ್ಪುನೀರಿನಿಂದ ನೆಗಡಿಯೇ ಬೇಗ ಹೋಗುತ್ತದೆಯೇ? ಎಡಿನ್‌ಬರೊದಲ್ಲಿ 66 ವಯಸ್ಕರ ಮೇಲೆ ನಡೆಸಿ 2019ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ಇದಕ್ಕಿಂತ ಗಾಢವಾದ ಉಪ್ಪುನೀರಿನಲ್ಲಿ ಮೂಗು ತೊಳೆದು ಬಾಯಿ ಮುಕ್ಕಳಿಸಿದವರಿಗೆ ನೆಗಡಿ ಸುಮಾರು ಎರಡು ದಿನ ಮೊದಲೇ ಇಳಿಯಿತು. ಸಣ್ಣ ಪ್ರಯೋಗ. ನಾನು ಅದನ್ನು ನೆಚ್ಚಿ ಬಾಟಲಿ ಹಿಡಿದವನಲ್ಲ. ನನಗೆ ನಿದ್ದೆ ಸಿಕ್ಕಿತು, ಎಷ್ಟು ದಿನ ಬಳಸಿದರೂ ಸ್ಪ್ರೇಯ ಹಾಗೆ ತಿರುಗಿ ಬೀಳಲಿಲ್ಲ, ಅಷ್ಟು ಸಾಕಾಯಿತು.

ಬಾಟಲಿ ಸೋಲುವ ಸಂದರ್ಭವೂ ಇದೆ. ಎರಡೂ ಹೊಳ್ಳೆ ಪೂರ್ತಿ ಮುಚ್ಚಿದ್ದರೆ ನೀರು ದಾಟುವುದಿಲ್ಲ, ಬಲವಂತ ಮಾಡಿದರೆ ಕಿವಿಯ ಕಡೆ ನುಗ್ಗುತ್ತದೆ. ಅಂಥ ರಾತ್ರಿ ಮೊದಲು ಸ್ಪ್ರೇ, ಹತ್ತು ನಿಮಿಷ ಬಿಟ್ಟು ಉಪ್ಪುನೀರು. ಸ್ಪ್ರೇಯನ್ನು ಮನೆಯಲ್ಲಿ ಉಳಿಸಿಕೊಂಡಿರುವುದು ಇದಕ್ಕೇ. ಕಿವಿಯ ತಮಟೆ ತೂತಾಗಿರುವವರು, ಕಿವಿ ಮೂಗಿನ ಆಪರೇಷನ್ ಆದವರು ಕೇಳದೆ ತೊಳೆಯಬಾರದು. ಹಸುಗೂಸುಗಳಿಗೆ ಬಾಟಲಿ ಬೇಡ, ಔಷಧದಂಗಡಿಯ ಸಲೈನ್ (ಉಪ್ಪುನೀರು) ಹನಿ ಸಾಕು.

ಗಂಟಲಿಗೆ ಉಪ್ಪುನೀರು ಮುಕ್ಕಳಿಸುತ್ತೇನೆ. ರಾತ್ರಿಯ ಕೆಮ್ಮಿಗೆ ಒಂದು ಚಮಚ ಜೇನು, ಅದರ ಮುಂದೆ ಅಂಗಡಿಯ ಸಿರಪ್ ನನಗೆ ಹೆಚ್ಚೇನೂ ಅನ್ನಿಸಿಲ್ಲ. ಒಂದು ವರ್ಷದೊಳಗಿನ ಮಗುವಿಗೆ ಮಾತ್ರ ಜೇನು ನೆಕ್ಕಿಸಲೇಬಾರದು, ಬಾಟ್ಯುಲಿಸಂ ಎಂಬ ಅಪಾಯಕಾರಿ ಕಾಯಿಲೆ ಬರಬಹುದು. ನೆಗಡಿ ಬಂದ ಮೇಲೆ ವಿಟಮಿನ್ ಸಿ ಶುರು ಮಾಡುವುದನ್ನು ಬಿಟ್ಟಿದ್ದೇನೆ.

ಇಷ್ಟೆಲ್ಲ ಹೇಳಿದ್ದು ನೆಗಡಿಗೆ. ಫ್ಲೂ ಬೇರೆಯೇ. ಬೆಳಿಗ್ಗೆ ಚೆನ್ನಾಗಿದ್ದವರು ಸಂಜೆಯೊಳಗೆ ಜ್ವರ, ಚಳಿ, ಮೈಕೈ ನೋವಿನಿಂದ ಮಲಗಿಬಿಡುತ್ತಾರೆ. ಅಲ್ಲಿ ಬಾಟಲಿಯ ಮೇಲೆ ಭಾರ ಹಾಕಿ ಕೂರಬೇಡಿ. ಒಸೆಲ್ಟಾಮಿವಿರ್‌ನಂಥ ಫ್ಲೂ ಔಷಧಿ ಲಕ್ಷಣ ಕಂಡ 48 ಗಂಟೆಯೊಳಗೆ ಶುರುವಾದರೆ ಹೆಚ್ಚು ಫಲ, ಹಾಗಾಗಿ ವಯಸ್ಸಾದವರು, ಗರ್ಭಿಣಿಯರು, ಆಸ್ತಮಾ, ಸಕ್ಕರೆ ಕಾಯಿಲೆ ಇರುವವರು ಆ ಸಂಜೆಯೇ ವೈದ್ಯರ ಬಳಿ ಹೋಗುವುದು ಒಳ್ಳೆಯದು. ಉಸಿರಾಟ ಕಷ್ಟವಾದರೆ, ಎದೆ ನೋವು ಬಂದರೆ, ಇಳಿದ ಜ್ವರ ಮತ್ತೆ ಏರಿದರೆ ಯಾರೂ ಕಾಯಬಾರದು.

ನನ್ನಂತೆ ರಾತ್ರಿ ಒಲೆಯ ಮುಂದೆ ಹತ್ತು ನಿಮಿಷ ಕಳೆಯಲು ಬೇಸರವಿಲ್ಲದವರಿಗೆ, ಪ್ರತಿ ನೆಗಡಿಗೂ ಹೊಸ ಸ್ಪ್ರೇಗೆ ದುಡ್ಡು ಸುರಿಯಲು ಇಷ್ಟವಿಲ್ಲದವರಿಗೆ ಬಾಟಲಿಯೇ ಸರಿ. ನೀರು ಕುದಿಸಿ ಅಳೆಯುವುದು ಆಗದ ಮಾತು ಎನ್ನುವವರು ದಯವಿಟ್ಟು ಬಾಟಲಿ ಕೊಳ್ಳಬೇಡಿ, 3 ದಿನದ ಸ್ಪ್ರೇ ಮತ್ತು ಎತ್ತರದ ದಿಂಬಿನಲ್ಲಿ ನಡೆಸಿ. ಕೊಳ್ಳುವುದಾದರೆ ಅಗಲ ಬಾಯಿಯದನ್ನು ಆರಿಸಿ, ಒಳಗೆ ಬಟ್ಟೆಯೋ ಬೆರಳೋ ಹೋಗಿ ಒರೆಸುವಂತಿರಬೇಕು. ಒಬ್ಬರ ಬಾಟಲಿ ಇನ್ನೊಬ್ಬರು ಬಳಸಬಾರದು. ಪ್ರತಿಸಲ ಕುದಿಸಿದ ನೀರಲ್ಲೇ ತೊಳೆದು, ಮುಚ್ಚಳ ತೆಗೆದು, ಬೋರಲು ಹಾಕಿ ಒಣಗಿಸಿ. ಮೂಲೆಯಲ್ಲಿ ಕಪ್ಪು ಚುಕ್ಕೆ ಕಂಡ ದಿನವೇ ಎಸೆದು ಹೊಸದು ತನ್ನಿ.