ನೊವಿಟ್ನಾ ನದಿಯಲ್ಲಿ ಮೂಸ್ ಬೇಟೆ: ರಬ್ಬರ್ ತೆಪ್ಪ, ಜೆಟ್ ದೋಣಿ, ಪ್ರೊಪೆಲ್ಲರ್ ದೋಣಿ

ಅಲಾಸ್ಕಾದ ಒಳನಾಡಿನಲ್ಲಿ ಸೆಪ್ಟೆಂಬರ್ ತಿಂಗಳ ಮೂಸ್ ಬೇಟೆಗೆ ಹೊರಡುವವರು ಬಂದೂಕಿಗಿಂತ ಮೊದಲು ದೋಣಿಯನ್ನು ತೀರ್ಮಾನಿಸಬೇಕು. ಫೇರ್‌ಬ್ಯಾಂಕ್ಸ್‌ನಲ್ಲಿ ನೆಲೆಸಿದ ಮೇಲೆ ನಾನು ನೊವಿಟ್ನಾ ನದಿಗೆ ಮೂರು ಬಗೆಯ ದೋಣಿಗಳಲ್ಲಿ ಹೋಗಿ ಬಂದಿದ್ದೇನೆ: ವಿಮಾನದಲ್ಲಿ ಹೊತ್ತೊಯ್ದ ರಬ್ಬರ್ ತೆಪ್ಪ, ನೀರನ್ನು ಹೀರಿ ಹಿಂದಕ್ಕೆ ಚಿಮ್ಮಿಸಿ ಸಾಗುವ ಜೆಟ್ ಎಂಜಿನ್ನಿನ ಅಲ್ಯೂಮಿನಿಯಂ ದೋಣಿ ಮತ್ತು ಪ್ರೊಪೆಲ್ಲರ್ ಎಂಜಿನ್ನಿನ ಅದೇ ಮಾದರಿಯ ದೋಣಿ. ಪ್ರಾಣಿ ಸಿಗುವವರೆಗಿನ ಅನುಕೂಲವನ್ನಷ್ಟೇ ನೋಡಿ ದೋಣಿ ಆರಿಸುವವರು ಬಹಳ ಮಂದಿ ಇದ್ದಾರೆ. ನನ್ನ ದೃಷ್ಟಿಯಲ್ಲಿ ದೋಣಿಯ ನಿಜವಾದ ಪರೀಕ್ಷೆ ಗುಂಡು ಹಾರಿದ ಮೇಲೆ, ಮಾಂಸವನ್ನು ಕೆಡದಂತೆ ಮನೆ ಮುಟ್ಟಿಸುವ ಕೆಲಸದಲ್ಲಿ ನಡೆಯುತ್ತದೆ.

ಆ ಹೊರೆ ಎಷ್ಟೆಂಬುದನ್ನು ಮೊದಲೇ ಹೇಳಬೇಕು. ಮೂಸ್ ಜಿಂಕೆಯ ಕುಟುಂಬದಲ್ಲೇ ಅತಿ ದೊಡ್ಡ ಪ್ರಾಣಿ. ಅಲಾಸ್ಕಾದಲ್ಲಿ ಬಲಿತ ಗಂಡು 540ರಿಂದ 725 ಕಿಲೋ ತೂಗುತ್ತದೆ. ಅಂಥ ದೊಡ್ಡ ಗಂಡಿನಿಂದ ಮೂಳೆ ಬಿಡಿಸಿದ ಮಾಂಸವೇ ಸುಮಾರು 225 ಕಿಲೋ ದೊರೆಯುತ್ತದೆ, ಮೂಳೆ ಸಮೇತ ಹೊತ್ತರೆ ಅದು 300 ಕಿಲೋ ದಾಟುತ್ತದೆ. ಈ ಭಾಗದ ನಿಯಮದಂತೆ ಮುಂಗಾಲು ಮತ್ತು ಹಿಂಗಾಲುಗಳ ಮಾಂಸವನ್ನು ಮೂಳೆಯಿಂದ ಬಿಡಿಸದೆಯೇ ಹೊರತರಬೇಕು, ತಿನ್ನಬಹುದಾದ ಮಾಂಸವನ್ನು ಕಾಡಿನಲ್ಲಿ ಬಿಟ್ಟುಬರುವಂತಿಲ್ಲ, ಕೊಂಬನ್ನು ಮಾಂಸದ ಕೊನೆಯ ಹೊರೆಗಿಂತ ಮೊದಲು ಸಾಗಿಸುವಂತಿಲ್ಲ. ಕರ್ನಾಟಕದಿಂದ ಬಂದವರಿಗೆ ಬೇಟೆಯೆಂಬ ಮಾತೇ ಮುಜುಗರ ತರುವುದು ಸಹಜ, ಏಕೆಂದರೆ ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ. ಇಲ್ಲಿ ಒಂದು ಮೂಸ್ ಎಂದರೆ ಒಂದು ಮನೆಗೆ ಇಡೀ ಚಳಿಗಾಲದ ಊಟ, ಯೂಕಾನ್ ಮತ್ತು ಕೊಯುಕುಕ್ ನದಿಗಳ ತೀರದ ಕೊಯುಕಾನ್ ಅಥಬಾಸ್ಕನ್ ಜನರಿಗೆ ಹಿರಿಯರೊಂದಿಗೆ ಹಂಚಿಕೊಳ್ಳುವ ಮತ್ತು ಸತ್ತವರ ಸ್ಮರಣೆಯ ಪಾಟ್‌ಲ್ಯಾಚ್ ಎಂಬ ಊರೌತಣದಲ್ಲಿ ಬಡಿಸುವ ಆಹಾರ. ಮಾಂಸ ಹಾಳಾದ ಬೇಟೆಯನ್ನು ನಾನು ಬೇಟೆಯೆಂದು ಒಪ್ಪುವುದಿಲ್ಲ.

ಬೇಟೆಯ ಸುಖಕ್ಕೆ ರಬ್ಬರ್ ತೆಪ್ಪಕ್ಕೆ ಸಾಟಿಯಿಲ್ಲ. ನೀರಿನ ಮೇಲಿಳಿಯುವ ಸಣ್ಣ ವಿಮಾನ ನದಿಯ ಮೇಲ್ಭಾಗದಲ್ಲಿ ಇಳಿಸಿ ಹೋಗುತ್ತದೆ, ಅಲ್ಲಿಂದ ಹುಟ್ಟು ಹಾಕುತ್ತಾ ದಿನಕ್ಕೆ 10–15 ಕಿಲೋಮೀಟರ್ ತೇಲುತ್ತಾ ಬರಬೇಕು. ಹಾರಿದ ದಿನವೇ ಬೇಟೆಯಾಡುವಂತಿಲ್ಲ, ಮರುದಿನ ಬೆಳಗಿನ ಜಾವ 3 ಗಂಟೆಯವರೆಗೆ ಕಾಯಬೇಕೆಂಬುದು ರಾಜ್ಯದ ನಿಯಮ. ತೆಪ್ಪ ಸದ್ದಿಲ್ಲದೆ ತಿರುವು ದಾಟುವಾಗ ವಿಲೋ ಪೊದೆಯಲ್ಲಿ ಮೇಯುತ್ತಿರುವ ಪ್ರಾಣಿ ತಲೆಯೆತ್ತುವುದೇ ಇಲ್ಲ. ಆದರೆ ತೆಪ್ಪಕ್ಕೆ ಒಂದೇ ದಿಕ್ಕು. ತುಂಗಭದ್ರೆಯ ಹರಿಗೋಲಿನಂತೆ ಹೊಳೆ ಒಯ್ದ ಕಡೆಗೆ ಅದು ಹೋಗುತ್ತದೆ, ಒಳ್ಳೆಯ ಕವಲೊಂದು ಹಿಂದೆ ಉಳಿಯಿತೆಂದರೆ ಮರಳಿ ಹೋಗುವ ಮಾತಿಲ್ಲ. ಎದುರುಗಾಳಿ ಬಿರುಸಾದರೆ ಹರಿವಿನಲ್ಲೂ ಮುಂದೆ ಸಾಗದು. ದಡ ಕುಸಿದು ನೀರಿನ ಮೇಲೆ ಅಡ್ಡಬಾಗಿದ ಸ್ಪ್ರೂಸ್ ಮರಗಳು ತಿರುವುಗಳ ಹೊರಮಗ್ಗುಲಲ್ಲೇ ಇರುತ್ತವೆ, ಹರಿವು ತೆಪ್ಪವನ್ನು ತಳ್ಳುವುದೂ ಅತ್ತಲೇ. ಇನ್ನು ಮೂಸ್ ಬಿದ್ದ ಮೇಲೆ ವಿಮಾನ ಬರುವ ಜಾಗ ಇನ್ನೂ ಹಲವು ದಿನಗಳ ದೂರದಲ್ಲಿರಬಹುದು. ತೆಪ್ಪದ ತಳದಲ್ಲಿ ಸದಾ ಒಂದಿಷ್ಟು ನೀರು ನಿಂತಿರುವುದರಿಂದ ಮಾಂಸವನ್ನು ಹಲಗೆಯ ಮೇಲೆ ಎತ್ತರಿಸಿಟ್ಟು, ಸಂಜೆ ಅಷ್ಟನ್ನೂ ದಡಕ್ಕೆ ಹೊತ್ತು ತೂಗುಹಾಕಿ, ಬೆಳಿಗ್ಗೆ ಮತ್ತೆ ಇಳಿಸಿಕೊಳ್ಳಬೇಕು. ಒಂದು ಹಿಂಗಾಲೇ 50 ಕಿಲೋಗಿಂತ ಹೆಚ್ಚಿರುತ್ತದೆ. ಮೋಡ ಕವಿದು ವಿಮಾನ ತಡವಾದರೆ ಆ ಶ್ರಮವೂ ಸಾಲದೆ ಹೋಗಬಹುದು.

ಜೆಟ್ ದೋಣಿಯ ಕೀರ್ತಿ ಬಂದಿರುವುದು ತೆಳುನೀರಿನಿಂದ. ತಳ ನೀರಿನ ಮೇಲೆ ಜಾರತೊಡಗಿದ ಮೇಲೆ ಗೇಣುದ್ದದ ನೀರಿದ್ದರೂ ಅದು ದಾಟುತ್ತದೆ. ನೊವಿಟ್ನಾದ ಮೇಲ್ಭಾಗದ ಕಲ್ಲುಹರಳಿನ ಹಾಸುಗಳಲ್ಲಿ ಪ್ರೊಪೆಲ್ಲರ್ ದೋಣಿಯವರು ನಿಂತುಬಿಡುವ ಕಡೆ ಜೆಟ್ಟಿನವರು ಮುಂದೆ ಹೋಗುತ್ತಾರೆ. ಇದಕ್ಕೆ ತೆರುವ ಬೆಲೆ ಶಕ್ತಿ: 115 ಅಶ್ವಶಕ್ತಿಯ ಎಂಜಿನ್ನಿಗೆ ಜೆಟ್ ಘಟಕ ಕೂರಿಸಿದರೆ ಅದರ ಹೊದಿಕೆಯ ಮೇಲೆ 80 ಎಂದೇ ಬರೆದಿರುತ್ತದೆ, ಪೆಟ್ರೋಲ್ ಮಾತ್ರ 115ರ ಲೆಕ್ಕದಲ್ಲೇ ಸುಡುತ್ತದೆ. ಪೂರ್ತಿ ವೇಗದಲ್ಲಿ ಗಂಟೆಗೆ 40 ಲೀಟರಿನ ಆಸುಪಾಸು. ಹೊರೆ ಸೇರಿದ ಮೇಲೆ ತೊಂದರೆ ಇನ್ನೂ ಸ್ಪಷ್ಟವಾಗುತ್ತದೆ. ಇಬ್ಬರು ಜನ, ಡೇರೆ, ಪೆಟ್ರೋಲ್ ಡ್ರಮ್, ಅದರ ಮೇಲೆ 300 ಕಿಲೋ ಮಾಂಸ ಬಿದ್ದಾಗ ದೋಣಿ ನೀರಿನ ಮೇಲೇಳಲು ಒದ್ದಾಡುತ್ತದೆ, ಏಳದ ಜೆಟ್ ದೋಣಿ ಆಳವಾಗಿ ಮುಳುಗಿ ತೆವಳುತ್ತದೆ. ಯಾವ ಗುಣಕ್ಕಾಗಿ ಅದನ್ನು ಕೊಂಡೆವೋ ಆ ಗುಣ, ಬೇಕಾದ ಗಳಿಗೆಯಲ್ಲೇ ಇಲ್ಲವಾಗುತ್ತದೆ.

ಸೆಪ್ಟೆಂಬರಿನಲ್ಲಿ ಮತ್ತೊಂದು ಕಾಟವಿದೆ. ಬರ್ಚ್ ಮತ್ತು ವಿಲೋ ಮರಗಳ ಹಳದಿ ಎಲೆಗಳು ನದಿಯ ತುಂಬ ತೇಲುತ್ತವೆ, ಜೆಟ್ಟಿನ ಬಾಯಿಯಲ್ಲಿರುವ ಕಂಬಿಗಳಿಗೆ ಅವು ಒತ್ತಾಗಿ ಮೆತ್ತಿಕೊಳ್ಳುತ್ತವೆ. ಎಂಜಿನ್ನಿನ ಸದ್ದು ಏರುತ್ತದೆ, ದೋಣಿಯ ವೇಗ ಇಳಿಯುತ್ತದೆ. ಎಂಜಿನ್ ನಿಲ್ಲಿಸಿ, ತೋಳನ್ನು ಮೊಣಕೈವರೆಗೆ ಕೊರೆಯುವ ನೀರಿಗೆ ಇಳಿಸಿ, ಆ ಎಲೆಯ ಪದರವನ್ನು ಉಗುರಿನಿಂದ ಕೆರೆದು ತೆಗೆಯಬೇಕು. ದಡದಿಂದ ಹೊರಡುವಾಗ ಗಳುವಿನಿಂದ ದೋಣಿಯನ್ನು ಆಳಕ್ಕೆ ತಳ್ಳದೆ ಎಂಜಿನ್ ಹಾಕಿದರೆ ಎಲೆಯ ಬದಲು ಹರಳುಕಲ್ಲು ಒಳಹೋಗುತ್ತದೆ, ಒಳಗಿನ ಚಕ್ರದ ಅಂಚು ಮೊಂಡಾಗುತ್ತದೆ. ಅರ ಇಟ್ಟುಕೊಳ್ಳದೆ ಜೆಟ್ ದೋಣಿ ಹತ್ತಬಾರದು.

ಪ್ರೊಪೆಲ್ಲರ್ ದೋಣಿಗೆ ಜೆಟ್ಟಿನಷ್ಟು ಕೀರ್ತಿಯಿಲ್ಲ. ಅರ್ಧ ಮೀಟರಿಗಿಂತ ಕಡಿಮೆ ನೀರು ಬಂದರೆ ಎಂಜಿನ್ ಎತ್ತಿ ಗಳು ಹಿಡಿಯಬೇಕು, ಯೂಕಾನಿನ ಕೆಸರುನೀರಿನಲ್ಲಿ ಕಾಣದಂತೆ ಅಡಗಿರುವ ದಿಮ್ಮಿಗೆ ತಾಗಿದರೆ ರೆಕ್ಕೆ ಬಾಗುತ್ತದೆ. ಹಾಗಾಗಿ ಇನ್ನೊಂದು ಪ್ರೊಪೆಲ್ಲರ್, ಅದರ ನಟ್ಟು ಮತ್ತು ಪಿನ್ನು ಜೊತೆಯಲ್ಲಿರಲೇಬೇಕು. ಆದರೂ ನನ್ನ ಆಯ್ಕೆ ಇದೇ, ಕಾರಣ ದಾರಿಯ ಸ್ವರೂಪದಲ್ಲಿದೆ. ನಿನಾನಾ ಪಟ್ಟಣದಲ್ಲಿ ದೋಣಿ ಇಳಿಸಿದವರು ಟನಾನಾ ನದಿಯ ಹರಿವಿನೊಂದಿಗೆ ಇಳಿದು, ಟನಾನಾ ಹಳ್ಳಿಯ ಬಳಿ ಯೂಕಾನನ್ನು ಸೇರಿ, ರೂಬಿ ಹಳ್ಳಿಗಿಂತ ಮೊದಲೇ ಎಡಕ್ಕೆ ಸಿಗುವ ನೊವಿಟ್ನಾದ ಬಾಯಿಗೆ ತಲುಪುತ್ತಾರೆ. ಹೋಗುವಾಗ ಎರಡು ದೊಡ್ಡ ನದಿಗಳೂ ಹೊತ್ತೊಯ್ಯುತ್ತವೆ, ಮಾಂಸ ತುಂಬಿಕೊಂಡು ಮರಳುವಾಗ ಅವೆರಡರ ವಿರುದ್ಧವೂ ಏರಬೇಕು. ದೋಣಿ ಅತಿ ಭಾರವಾಗಿರುವುದೂ ಹೊಳೆ ಎದುರಾಗುವುದೂ ಒಟ್ಟಿಗೆ ಬರುತ್ತವೆ. ಯೂಕಾನಿನಲ್ಲಿ ಆಳಕ್ಕೇನೂ ಕೊರತೆಯಿಲ್ಲದ್ದರಿಂದ ಅಲ್ಲಿ ಜೆಟ್ಟಿನ ಗುಣ ಕೆಲಸಕ್ಕೆ ಬಾರದು, ನೀರನ್ನು ಬಿಗಿಯಾಗಿ ಹಿಡಿದು ನೂಕುವ ಪ್ರೊಪೆಲ್ಲರ್ ಬೇಕು. 208 ಲೀಟರಿನ ಒಂದು ಡ್ರಮ್ ಪೆಟ್ರೋಲ್ 150 ಕಿಲೋಗೂ ಹೆಚ್ಚು ತೂಗುತ್ತದೆ, ಪ್ರೊಪೆಲ್ಲರಿನಿಂದ ಒಂದು ಡ್ರಮ್ ಉಳಿಸಿದರೆ ಅರ್ಧ ಮೂಸಿಗೆ ಜಾಗವಾಯಿತು.

ನೊವಿಟ್ನಾದ ಕೆಳಭಾಗ ಸುತ್ತಿ ಬಳಸಿ ನಿಧಾನವಾಗಿ ಹರಿಯುವ ಆಳದ ನದಿ, ಮೂಸ್‌ಗಳಿಗೆ ಬೇಕಾದ ವಿಲೋ ಪೊದೆಗಳೂ ಹಳೆಯ ಕವಲುಗಳೂ ಅಲ್ಲಿ ಹೇರಳವಾಗಿವೆ. ಎಂಜಿನ್ನಿನ ಸದ್ದಿಗೆ ಪ್ರಾಣಿ ಓಡಿಹೋಗುತ್ತದೆಂಬ ಮಾತು ನನ್ನ ಅನುಭವಕ್ಕೆ ಅಷ್ಟಾಗಿ ಹೊಂದಿಲ್ಲ. ನಷ್ಟವಾಗುವುದು ಅವಸರದಿಂದ. ಕವಲಿನ ಬಾಯಲ್ಲಿ ದೋಣಿ ಕಟ್ಟಿ, ದಡ ಹತ್ತಿ, ಸಂಜೆ ಹೆಣ್ಣು ಮೂಸಿನ ಕೂಗನ್ನು ಅನುಕರಿಸಿ, ಒಣಗಿದ ಭುಜದೆಲುಬಿನಿಂದ ಪೊದೆಯನ್ನು ಉಜ್ಜಿ ಸುಮ್ಮನಿದ್ದರೆ, ತಿಂಗಳ ಕೊನೆಯಲ್ಲಿ ಬೆದೆಗೆ ಬರುತ್ತಿರುವ ಗಂಡು ಮರುದಿನ ಬೆಳಿಗ್ಗೆ ಅದೇ ಜಾಗಕ್ಕೆ ಬರುವ ಸಾಧ್ಯತೆ ಚೆನ್ನಾಗಿದೆ. ಎಂಜಿನ್ ನಿಲ್ಲಿಸಿ ಅದರ ವೇಗ ಪೂರ್ತಿ ತಗ್ಗುವವರೆಗೆ ದೋಣಿಯಿಂದ ಗುಂಡು ಹಾರಿಸುವುದು ಕಾನೂನಿಗೆ ವಿರುದ್ಧ, ಈಜುತ್ತಿರುವ ಮೂಸನ್ನು ಹೊಡೆಯುವುದೂ ಹಾಗೆಯೇ. ದಡದ ನೀರಿನಲ್ಲಿ ನಿಂತ ಪ್ರಾಣಿಗೂ ನಾನು ಹೊಡೆಯುವುದಿಲ್ಲ, 600 ಕಿಲೋದ ದೇಹವನ್ನು ನೀರಿನಿಂದ ಮೇಲೆಳೆಯಲು ಮೂರರಲ್ಲಿ ಯಾವ ದೋಣಿಯಿಂದಲೂ ಆಗದು. ಬಿದ್ದ ಕೂಡಲೇ ಚರ್ಮ ಸುಲಿದು ಸೊಂಟದ ಕೀಲನ್ನು ಬಿಚ್ಚಬೇಕು. ಅಲ್ಲಿನ ದಪ್ಪ ಮಾಂಸ ಬಿಸಿಯನ್ನು ಹಿಡಿದಿಟ್ಟುಕೊಳ್ಳುವುದರಿಂದ ಹುಳಿ ವಾಸನೆ ಮೊದಲು ಬರುವುದು ಮೂಳೆಯ ಬುಡದಲ್ಲೇ.

ಜೆಟ್ಟೇ ಮೇಲೆನಿಸುವ ಸಂದರ್ಭಗಳೂ ಇವೆ: ಮಳೆ ಕಡಿಮೆಯಾಗಿ ನದಿ ಇಳಿದ ವರ್ಷ, ಅಥವಾ ಒಂಟಿಯಾಗಿ ಹಗುರವಾಗಿ ಮೇಲ್ಭಾಗಕ್ಕೆ ಹೋಗುವವರು. ಕೊಯುಕುಕ್ ನದಿಯ ಕೆಳಭಾಗದ ನಿಯಂತ್ರಿತ ಪ್ರದೇಶದಲ್ಲಿ ಮೂಸ್ ಬೇಟೆಗೆ ವಿಮಾನ ಬಳಸುವುದೇ ನಿಷಿದ್ಧವಾದ್ದರಿಂದ ಅಲ್ಲಿಗೆ ವಿಮಾನದಲ್ಲಿ ತೆಪ್ಪ ಒಯ್ಯುವ ಪ್ರಶ್ನೆ ಏಳುವುದಿಲ್ಲ. ಅಮೆರಿಕದ ಪೌರರಲ್ಲದವರು ಇನ್ನೂ ಒಂದು ವಿಷಯ ತಿಳಿದಿರಬೇಕು: ಅಮೆರಿಕದಲ್ಲಿ ಕಾಯಂ ನೆಲೆಯೂ ಇಲ್ಲದಿದ್ದರೆ ಪರವಾನಗಿ ಪಡೆದ ಮಾರ್ಗದರ್ಶಿಯಿಲ್ಲದೆ ಅವರು ಮೂಸ್ ಬೇಟೆಯಾಡುವಂತಿಲ್ಲ.

ದೋಣಿ ಕೊಳ್ಳುವ ಅಥವಾ ಬಾಡಿಗೆಗೆ ಪಡೆಯುವ ಮೊದಲು ಆಗಸ್ಟಿನಲ್ಲೇ ಒಂದು ಪರೀಕ್ಷೆ ಮಾಡಿ ನೋಡಿ. ನಿನಾನಾದಲ್ಲಿ ದೋಣಿಯನ್ನು ಇಳಿಸಿ, ನಿಮ್ಮ ಸಾಮಾನು ಮತ್ತು ಪೆಟ್ರೋಲಿನ ಜೊತೆಗೆ 300 ಲೀಟರ್ ನೀರನ್ನು ಡಬ್ಬಿಗಳಲ್ಲಿ ತುಂಬಿಟ್ಟು, ಟನಾನಾದ ಹರಿವಿಗೆ ಎದುರಾಗಿ ಅರ್ಧ ಗಂಟೆ ಓಡಿಸಿ. ದೋಣಿ ನೀರಿನ ಮೇಲೇಳದಿದ್ದರೆ ಒಂದೊಂದೇ ಡಬ್ಬಿ ಖಾಲಿ ಮಾಡುತ್ತಾ ಎಲ್ಲಿ ಏಳುತ್ತದೆಂದು ಗುರುತಿಸಿಕೊಳ್ಳಿ. ಖಾಲಿ ಮಾಡಿದಷ್ಟು ಮಾಂಸವನ್ನು ಎರಡನೆಯ ಸಲ ಬಂದು ಒಯ್ಯಬೇಕಾಗುತ್ತದೆ, ಅದಕ್ಕೆ ಬೇಕಾಗುವ ಪೆಟ್ರೋಲನ್ನು ಈಗಲೇ ಲೆಕ್ಕಕ್ಕೆ ಸೇರಿಸಿಕೊಳ್ಳಿ.